ಚಮಚ ಹಿಡಿಯೋರಿಗೆ ಟ್ರೇನಿಂಗ್ ಯಾವಾಗ?

ನಮ್ಮ ಸ್ಪೀಚ್ ಥೆರಪಿಸ್ಟ್‌ಗಳ ವಾಟ್ಸಾಪ್ ಗ್ರೂಪಲ್ಲಿ ಈಗೀಗ ಡಿಸ್ಫೇಜಿಯಾ, ಅಂದ್ರೆ ನುಂಗೋ ತೊಂದರೆಯ ವರ್ಕ್‌ಶಾಪಿನ ಪೋಸ್ಟರ್ ಬರ್ತಾನೇ ಇರುತ್ತೆ, ಒಂದು ದಿನದ್ದು, ಎರಡು ದಿನದ್ದು, ಆನ್‌ಲೈನು, ಹ್ಯಾಂಡ್ಸ್ ಆನ್, ಜೊತೆಗೆ ಕಲಿಕೆ ಮುಂದುವರಿಸಿದ್ದಕ್ಕೆ ಕೊಡೋ ಇಷ್ಟು ಸಿಆರ್‌ಇ ಪಾಯಿಂಟ್ಸ್ ಅಂತ. ತುಂಬಾ ಸಂತೋಷ ಆಗುತ್ತೆ ನೋಡಿದ್ರೆ. ನಾನು ಓದೋ ಕಾಲಕ್ಕೆ ನುಂಗೋ ತೊಂದರೆ ಅನ್ನೋದು ತೊದಲು, ಮಾತು ಬರದ ಮಕ್ಕಳು, ಧ್ವನಿ ಸಮಸ್ಯೆ ಇವೆಲ್ಲದರ ಮಧ್ಯೆ ಬಂದು ಹೋಗೋ ಒಂದು ವಿಷಯ ಆಗಿತ್ತು ಅಷ್ಟೇ, ಈಗಿನ ಹುಡುಗ್ರು ಇದನ್ನೇ ನಮ್ಮ ಫೀಲ್ಡ್ ಅಂತ ಆರಿಸ್ಕೊಂಡು ಬರ್ತಿದಾರೆ.

ಆದ್ರೆ ಆ ಪೋಸ್ಟರ್ ನೋಡ್ದಾಗೆಲ್ಲಾ ನನ್ನ ತಲೇಲಿ ಒಂದೇ ಪ್ರಶ್ನೆ. ಪೇಶೆಂಟಿನ ಬಾಯಿಗೆ ದಿನಕ್ಕೆ ನಾಲ್ಕೈದು ಸಲ ಚಮಚ ಇಡೋರು ಈ ಟ್ರೇನಿಂಗಲ್ಲಿ ಇರ್ತಾರಾ? ಇರಲ್ಲ. ಇರೋದು ನಾವು. ನಾವು ಪೇಶೆಂಟನ್ನ ನೋಡೋದು ದಿನಕ್ಕೆ ಅರ್ಧ ಗಂಟೆ, ಉಳಿದ ಹೊತ್ತೆಲ್ಲಾ ಅವರ ಹತ್ರ ಇರೋದು ಸಿಸ್ಟರು, ಆಯಾ, ಸೊಸೆ, ಊರಿಂದ ರಾತ್ರಿ ಬಸ್ಸಿಗೆ ಬಂದ ತಮ್ಮ. ನಮ್ಮ ಟ್ರೇನಿಂಗ್ ಅವರ ಕೈವರೆಗೂ ಹೋಗ್ಲಿಲ್ಲ ಅಂದ್ರೆ ನಾವು ಎಷ್ಟು ಸರ್ಟಿಫಿಕೇಟ್ ತಗೊಂಡ್ರೂ ಪೇಶೆಂಟಿಗೆ ಸಿಗೋದು ಆ ಅರ್ಧ ಗಂಟೆ ಮಾತ್ರ. ಇದನ್ನೇ ಇವತ್ತು ಸ್ವಲ್ಪ ಬಿಡಿಸಿ ಬರೀತೀನಿ, ಉದ್ದ ಆಗುತ್ತೆ, ಓದಿ.

ಮೊದಲು ಈ ಫೀಲ್ಡಿನೋರಲ್ಲದೇ ಇರೋರಿಗೆ ಒಂದೆರಡು ಮಾತು. ನುಂಗೋದು ಸುಲಭದ ಕೆಲಸ ಅನ್ಸುತ್ತೆ, ಯಾಕಂದ್ರೆ ನಾವು ಅದರ ಬಗ್ಗೆ ಯೋಚನೇನೇ ಮಾಡಲ್ಲ. ತುತ್ತು ಗಂಟಲಿಗೆ ಬಂದ್ಮೇಲೆ ಒಂದು ಸೆಕೆಂಡಿಗಿಂತ ಕಮ್ಮಿ ಟೈಮಲ್ಲಿ ಧ್ವನಿಪೆಟ್ಟಿಗೆ ಮೇಲಕ್ಕೆ ಮುಂದಕ್ಕೆ ಹೋಗಬೇಕು, ಉಸಿರಿನ ದಾರಿ ಮುಚ್ಚಬೇಕು, ಉಸಿರು ಒಂದು ಕ್ಷಣ ನಿಲ್ಲಬೇಕು, ಅನ್ನನಾಳದ ಬಾಗಿಲು ತೆರೀಬೇಕು. ಸ್ಟ್ರೋಕ್ ಆದ್ರೆ, ಪಾರ್ಕಿನ್ಸನ್ಸ್ ಬಂದ್ರೆ, ಬಾಯಿ ಗಂಟಲು ಕ್ಯಾನ್ಸರಿಗೆ ಆಪರೇಷನ್ ರೇಡಿಯೇಶನ್ ಆದ್ರೆ, ತಲೆಗೆ ಪೆಟ್ಟು ಬಿದ್ರೆ, ವೆಂಟಿಲೇಟರಲ್ಲಿ ತುಂಬಾ ದಿನ ಇದ್ದು ಬಂದ್ರೆ ಈ ತಾಳ ತಪ್ಪುತ್ತೆ. ಅನ್ನ ನೀರು ಶ್ವಾಸನಾಳಕ್ಕೆ ಇಳಿಯುತ್ತೆ. ಕೆಮ್ಮು ಬಂದ್ರೆ ಪುಣ್ಯ, ಎಷ್ಟೋ ಜನಕ್ಕೆ ಕೆಮ್ಮೇ ಬರಲ್ಲ, ಅದನ್ನ ನಾವು ಸೈಲೆಂಟ್ ಆಸ್ಪಿರೇಶನ್ ಅಂತೀವಿ. 1996ರಲ್ಲಿ ರೋಸೆನ್‌ಬೆಕ್ ಅವರ ತಂಡ ಮಾಡಿದ 8 ಹಂತದ ಸ್ಕೇಲನ್ನ ಇವತ್ತಿಗೂ ಬಳಸ್ತೀವಲ್ಲ, ಅದರಲ್ಲಿ ಕೊನೇ ಹಂತ, ಅಂದ್ರೆ ತೀರಾ ಕೆಟ್ಟದ್ದು, ಇದೇ. ಆಹಾರ ಧ್ವನಿತಂತುಗಳ ಕೆಳಗೆ ಹೋಗಿದೆ, ಅದನ್ನ ಹೊರಗೆ ಹಾಕೋಕೆ ದೇಹ ಪ್ರಯತ್ನಾನೇ ಮಾಡ್ತಿಲ್ಲ.

ಹಂಗಾಗಿ "ಕೆಮ್ಮಲಿಲ್ಲ ಮೇಡಂ, ಚೆನ್ನಾಗೇ ತಿಂದ್ರು" ಅಂತ ಮನೆಯವರು ಹೇಳಿದ್ರೆ ನಮಗೆ ನೆಮ್ಮದಿ ಆಗಲ್ಲ. ಗಂಟಲ ಒಳಗೆ ಏನಾಗ್ತಿದೆ ಅಂತ ನಿಜವಾಗ್ಲೂ ಗೊತ್ತಾಗ್ಬೇಕಂದ್ರೆ ಎರಡೇ ದಾರಿ. ಒಂದು, ಬೇರಿಯಂ ಬೆರೆಸಿ ತಿನ್ನಿಸಿ ಎಕ್ಸ್‌ರೇ ವಿಡಿಯೋ ತೆಗೆಯೋದು, ಅಮೆರಿಕಾದ ಜೆರಿ ಲೋಗ್‌ಮನ್ 1983ರಲ್ಲಿ ಬರೆದ ಪುಸ್ತಕದಿಂದಲೇ ಇದು ನಮ್ಮ ಕೆಲಸ ಅಂತ ಜಗತ್ತಿಗೆ ಗೊತ್ತಾಗಿದ್ದು ಅನ್ನಬಹುದು. ಇನ್ನೊಂದು, ಮೂಗಿನಿಂದ ಸಣ್ಣ ಸ್ಕೋಪ್ ಇಳಿಸಿ ಮೇಲಿಂದ ನೋಡೋ ಫೀಸ್ ಟೆಸ್ಟ್, 1988ರಲ್ಲಿ ಸೂಸನ್ ಲ್ಯಾಂಗ್‌ಮೋರ್ ಮತ್ತು ಅವರ ಜೊತೆಗಾರರು ಶುರು ಮಾಡಿದ್ದು. ಎರಡೂ ನಮ್ಮ ರಾಜ್ಯದಲ್ಲಿದೆ, ಆದ್ರೆ ಮೈಸೂರು, ಬೆಂಗಳೂರು, ಮಂಗಳೂರು, ಮಣಿಪಾಲ ಈ ಕಡೆ ಜಾಸ್ತಿ. ನಮ್ಮಂಥ ಸಣ್ಣ ಊರಿನ ಆಸ್ಪತ್ರೇಲಿ ಬೆಡ್ ಪಕ್ಕ ನಿಂತು ನಾಲ್ಕು ಬೆರಳು ಗಂಟಲ ಮೇಲಿಟ್ಟು, ಧ್ವನಿ ಒದ್ದೆ ಆಯ್ತಾ, ಅಂದ್ರೆ ಗಂಟಲಲ್ಲಿ ನೀರು ನಿಂತ ಹಾಗೆ ಕೇಳುತ್ತಾ ಅಂತ ಕೇಳಿಸ್ಕೊಂಡು ನಿರ್ಧಾರ ಮಾಡೋದೇ ದಿನನಿತ್ಯದ ಕೆಲಸ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರೋ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ನಡೀತಿದೆ, ದೇಶದ ಮೂಲೆ ಮೂಲೆಯಿಂದ ಬಂದು ಓದಿ ಹೋಗ್ತಾರೆ. ಓದು ಮುಗಿದ್ಮೇಲೆ ಭಾರತೀಯ ಪುನರ್ವಸತಿ ಪರಿಷತ್ತಿನ, ಅಂದ್ರೆ ಆರ್‌ಸಿಐ ನೋಂದಣಿ, ಅದನ್ನ ಆಗಾಗ ರಿನ್ಯೂ ಮಾಡಿಸ್ಬೇಕು, ಅದಕ್ಕೆ ಸಿಆರ್‌ಇ ಪಾಯಿಂಟ್ಸ್ ಬೇಕು. ಈ ಪಾಯಿಂಟ್ಸ್ ಪದ್ಧತಿ ಇಲ್ದೇ ಇದ್ರೆ ಎಷ್ಟೋ ಜನ ಡಿಗ್ರಿ ಆದ್ಮೇಲೆ ಪುಸ್ತಕ ಮುಚ್ಚಿಬಿಡ್ತಿದ್ರು, ಹಂಗಾಗಿ ಅದು ಬೇಕೇ ಬೇಕು. ನನ್ನ ಮಾತು ಏನಂದ್ರೆ ಪಾಯಿಂಟ್ಸ್ ಕೊಡೋದು ಕೂತಿದ್ದ ಗಂಟೆಗೆ, ಕೈಗೆ ಕೆಲಸ ಬಂತಾ ಅಂತ ಯಾರೂ ನೋಡಲ್ಲ. ಫೀಸ್ ವಿಡಿಯೋ ಓದೋದು ಸ್ಲೈಡ್ ನೋಡಿ ಬರೋ ವಿದ್ಯೆ ಅಲ್ಲ. ನುಂಗೋ ಕ್ಷಣದಲ್ಲಿ ಕ್ಯಾಮೆರಾ ಮುಂದೆ ಪೂರ್ತಿ ಬೆಳ್ಳಗಾಗಿಬಿಡುತ್ತೆ, ಆಗ ಏನೂ ಕಾಣಲ್ಲ, ಅದಕ್ಕೆ ಮುಂಚೆ ಏನಾಯ್ತು ಆಮೇಲೆ ಏನು ಉಳಿದಿದೆ ಅನ್ನೋದ್ರಿಂದ ಮಧ್ಯದ್ದನ್ನ ಊಹಿಸ್ಬೇಕು. ಅದಕ್ಕೆ ನೂರಾರು ವಿಡಿಯೋ ನೋಡ್ಬೇಕು, ಪಕ್ಕದಲ್ಲಿ ಒಬ್ಬ ಸೀನಿಯರ್ ಕೂತು "ಇಲ್ಲಿ ನಿಲ್ಸು, ಹಿಂದೆ ಹೋಗು, ಈ ಎಡಗಡೆ ಗುಂಡೀಲಿ ಏನಿದೆ ನೋಡು" ಅಂತ ಹೇಳ್ಬೇಕು, ಒಂದೇ ವಿಡಿಯೋಗೆ ಇಬ್ಬರೂ ಬೇರೆ ಬೇರೆ ಸ್ಕೋರ್ ಕೊಟ್ರೆ ಯಾಕೆ ಅಂತ ಜಗಳ ಆಡ್ಬೇಕು. ಎರಡು ದಿನದ ವರ್ಕ್‌ಶಾಪಲ್ಲಿ ಸ್ಕೋಪ್ ಹಿಡ್ಕೊಂಡು ಫೋಟೋ ತೆಗೆಸ್ಕೊಳೋ ಅಷ್ಟು ಟೈಮ್ ಸಿಗುತ್ತೆ, ಇದಕ್ಕೆ ಸಿಗಲ್ಲ.

ಎಕ್ಸ್‌ರೇ ವಿಡಿಯೋದ್ದೂ ಅಷ್ಟೇ, ಸೆಕೆಂಡಿಗೆ 30 ಫ್ರೇಮ್ ಇಟ್ಕೊಳಿ ಅಂತ ರೇಡಿಯಾಲಜಿ ಟೆಕ್ನಿಶಿಯನ್ ಹತ್ರ ಕೇಳೋ ಧೈರ್ಯ ನಮಗೆ ಬರಬೇಕು, ಫ್ರೇಮ್ ಕಮ್ಮಿ ಮಾಡಿದ್ರೆ ಕಣ್ಮುಚ್ಚಿ ತೆಗೆಯೋ ಅಷ್ಟರಲ್ಲಿ ಆಗೋ ಘಟನೆ ತಪ್ಪಿ ಹೋಗುತ್ತೆ. ಈ ಧೈರ್ಯ ಬರೋದು ಜೊತೆಗೆ ಕೆಲಸ ಮಾಡಿದ್ರೆ. ಇನ್ನು ಕುತ್ತಿಗೆಗೆ ಪ್ಯಾಡ್ ಅಂಟಿಸಿ ಕರೆಂಟ್ ಕೊಡೋ ಮಷೀನಿನ ಕೋರ್ಸಿಗೆ ಜನ ಮುಗಿಬೀಳ್ತಾರೆ, ಅದರ ಫಲಿತಾಂಶ ಒಂದು ಸ್ಟಡೀಲಿ ಒಂಥರ, ಇನ್ನೊಂದರಲ್ಲಿ ಇನ್ನೊಂಥರ ಇದೆ. ಆ ದುಡ್ಡಲ್ಲಿ ಒಳ್ಳೇ ಸೆಂಟರಲ್ಲಿ ಒಂದಷ್ಟು ದಿನ ಸುಮ್ನೆ ನಿಂತು ನೋಡ್ಕೊಂಡು ಬನ್ನಿ ಅಂತ ನನ್ನ ಜೂನಿಯರ್‌ಗಳಿಗೆ ಹೇಳ್ತೀನಿ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. 1998ರಲ್ಲಿ ಲ್ಯಾಂಗ್‌ಮೋರ್ ಅವರದ್ದೇ ಒಂದು ಸ್ಟಡಿ ಬಂತು. 189 ಜನ ವಯಸ್ಸಾದವರನ್ನ ವರ್ಷಗಟ್ಟಲೆ ಫಾಲೋ ಮಾಡಿ ಯಾರಿಗೆ ಆಸ್ಪಿರೇಶನ್ ನ್ಯುಮೋನಿಯಾ, ಅಂದ್ರೆ ಊಟ ಜೊಲ್ಲು ಪುಪ್ಪುಸಕ್ಕೆ ಇಳಿದು ಆಗೋ ಸೋಂಕು, ಬರುತ್ತೆ ಅಂತ ನೋಡಿದ್ರು. ನುಂಗೋ ತೊಂದರೆ ಒಂದೇ ಇದ್ರೆ ಸಾಕಾಗಲ್ಲ ಅಂತ ಗೊತ್ತಾಯ್ತು. ಜೋರಾಗಿ ಎದ್ದು ಕಂಡಿದ್ದು ಏನು ಅಂದ್ರೆ, ಊಟಕ್ಕೆ ಇನ್ನೊಬ್ಬರ ಕೈ ಕಾಯಬೇಕಾದ ಸ್ಥಿತಿ, ಬಾಯಿ ತೊಳೆಸೋಕೆ ಇನ್ನೊಬ್ಬರ ಕೈ ಕಾಯಬೇಕಾದ ಸ್ಥಿತಿ, ಹುಳುಕು ಹಲ್ಲು, ಟ್ಯೂಬ್ ಫೀಡಿಂಗ್ ಇಂಥವು. ಅಂದ್ರೆ ಯಾರು ತಿನ್ನಿಸ್ತಾರೆ, ಹೆಂಗೆ ತಿನ್ನಿಸ್ತಾರೆ, ಬಾಯಿ ಎಷ್ಟು ಚೊಕ್ಕಟವಾಗಿದೆ ಅನ್ನೋದು ಪುಪ್ಪುಸದ ಹಣೆಬರಹ ನಿರ್ಧಾರ ಮಾಡುತ್ತೆ. ಈ ಸ್ಟಡೀನ ನಾವೆಲ್ಲಾ ಓದಿದೀವಿ, ಪರೀಕ್ಷೇಲಿ ಬರೆದಿದೀವಿ, ಆದ್ರೆ ಅದು ಹೇಳ್ತಿರೋದು ಟ್ರೇನಿಂಗ್ ಯಾರಿಗೆ ಕೊಡಬೇಕು ಅನ್ನೋದನ್ನ ಅಂತ ನನಗೆ ಅನ್ಸಿದ್ದು ವಾರ್ಡಲ್ಲಿ ಕೆಲಸ ಶುರು ಮಾಡಿದ ಮೇಲೇನೇ.

ಆಸ್ಟ್ರೇಲಿಯಾದಲ್ಲಿ ಸ್ಯಾಂಡಿ ಮಿಡಲ್‌ಟನ್ ಅನ್ನೋ ನರ್ಸಿಂಗ್ ಪ್ರೊಫೆಸರ್ ಮತ್ತು ಅವರ ತಂಡ ಇನ್ನೂ ಮುಂದೆ ಹೋಗಿ ಮಾಡಿ ತೋರಿಸಿದ್ರು. ನ್ಯೂ ಸೌತ್ ವೇಲ್ಸಿನ 19 ಸ್ಟ್ರೋಕ್ ಯೂನಿಟ್ ತಗೊಂಡು ಅರ್ಧದಷ್ಟು ಕಡೆ ನರ್ಸ್‌ಗಳಿಗೆ ಮೂರೇ ವಿಷಯದಲ್ಲಿ ತರಬೇತಿ, ಜ್ವರ ನೋಡೋದು, ಶುಗರ್ ನೋಡೋದು, ನುಂಗೋದನ್ನ ಸ್ಕ್ರೀನ್ ಮಾಡೋದು. ಹೊಸ ಔಷಧಿ ಇಲ್ಲ, ಹೊಸ ಮಷೀನ್ ಇಲ್ಲ. 2011ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಫಲಿತಾಂಶ ನೋಡಿ, 90 ದಿನ ಆದ್ಮೇಲೆ ಸತ್ತವರು ಮತ್ತೆ ಬೇರೆಯವರ ಮೇಲೆ ಅವಲಂಬಿತರಾಗಿ ಉಳಿದವರು ಸೇರಿ ತರಬೇತಿ ಆದ ಕಡೆ 42 ಪರ್ಸೆಂಟ್, ಆಗದೇ ಇದ್ದ ಕಡೆ 58 ಪರ್ಸೆಂಟ್. ಸಿಸ್ಟರ್‌ಗಳಿಗೆ ಕಲಿಸೋದು ಅಂದ್ರೆ ಏನೋ ಚಿಲ್ಲರೆ ಕೆಲಸ ಅನ್ಕೊಂಡಿರೋ ಮ್ಯಾನೇಜ್‌ಮೆಂಟ್‌ನೋರಿಗೆ ನಾನು ಈ ಎರಡು ನಂಬರನ್ನ ಪ್ರಿಂಟ್ ತೆಗೆದು ತೋರಿಸಿದೀನಿ, ಅದರಿಂದ್ಲೇ ನಮ್ಮಲ್ಲಿ ಸೆಷನ್ ಮಾಡೋಕೆ ಪರ್ಮಿಷನ್ ಸಿಕ್ಕಿದ್ದು.

ಬ್ರಿಟನ್ನಲ್ಲಿ 2006ರಲ್ಲೇ ಒಂದು ಚೌಕಟ್ಟು ಮಾಡಿದ್ರು, ನುಂಗೋ ತೊಂದರೆ ನೋಡ್ಕೊಳೋರನ್ನ ಐದು ಮೆಟ್ಟಿಲಲ್ಲಿ ಇಟ್ಟು, ತೀರಾ ಕೆಳಗಿನ ಮೆಟ್ಟಿಲು ಬರೀ ಅರಿವು, ಆಮೇಲೆ ಸಹಾಯಕರು, ಆಮೇಲೆ ಬುನಾದಿ ಮಟ್ಟ, ಸ್ಪೆಷಲಿಸ್ಟ್, ಕನ್ಸಲ್ಟೆಂಟ್ ಅಂತ. ನನಗೆ ಇದರಲ್ಲಿ ಇಷ್ಟ ಆಗಿದ್ದು ಆ ಮೊದಲ ಮೆಟ್ಟಿಲು ಇರೋದು. ನೀವು ಊಟ ಕೊಡ್ತೀರಾ, ಹಂಗಾದ್ರೆ ನಿಮಗೆ ಇಷ್ಟು ಗೊತ್ತಿರಲೇಬೇಕು ಅಂತ. ನಮ್ಮಲ್ಲಿ ಮೇಲಿನ ಎರಡು ಮೆಟ್ಟಿಲಿಗೆ ವರ್ಕ್‌ಶಾಪ್ ಮೇಲೆ ವರ್ಕ್‌ಶಾಪ್, ಕೆಳಗೆ ಖಾಲಿ.

ಹಂಗಾದ್ರೆ ಕೆಳಗಿನ ಮೆಟ್ಟಿಲಿಗೆ ಏನು ಕಲಿಸ್ಬೇಕು? ನಾನು ಲೆಕ್ಚರ್ ಕೊಡೋದು ಬಿಟ್ಟೆ. ಈಗ ಮಾಡೋದು ಏನಂದ್ರೆ ಸಿಸ್ಟರ್‌ಗಳನ್ನ ಇಬ್ಬಿಬ್ಬರಾಗಿ ಕೂರಿಸಿ ಒಬ್ಬರಿಗೊಬ್ಬರು ಮೊಸರನ್ನ ತಿನ್ನಿಸೋಕೆ ಹೇಳೋದು. ಮೊದಲು ಪಕ್ಕದಲ್ಲಿ ಕೂತು ಕಣ್ಣಿನ ಮಟ್ಟದಲ್ಲಿ ನಿಧಾನಕ್ಕೆ. ಆಮೇಲೆ ನಿಂತ್ಕೊಂಡು, ಮೇಲಿಂದ, ಬೇಗ ಬೇಗ, ಮೊಬೈಲ್ ನೋಡ್ತಾ. ತಿನ್ನಿಸ್ಕೊಂಡೋರಿಗೆ ಆಗೋ ಅನುಭವ ಇದೆಯಲ್ಲ, ಅದನ್ನ ಯಾವ ಸ್ಲೈಡೂ ಕೊಡಲ್ಲ. ಒಬ್ಬರು ಸಿಸ್ಟರ್ ಹೇಳಿದ್ರು, "ಮೇಡಂ, ಅವಳು ನಿಂತ್ಕೊಂಡು ಕೊಡೋವಾಗ ನಾನು ಕತ್ತು ಎತ್ತಲೇ ಬೇಕಾಯ್ತು, ನುಂಗೋಕೆ ಮುಂಚೆನೇ ಇನ್ನೊಂದು ಚಮಚ ಬಂದುಬಿಡ್ತು, ಭಯ ಆಯ್ತು." ಕತ್ತು ಎತ್ತಿದ್ರೆ ಉಸಿರಿನ ದಾರಿ ಇನ್ನಷ್ಟು ತೆರೆದ ಹಾಗಾಗುತ್ತೆ ಅಂತ ಆಮೇಲೆ ನಾನು ಹೇಳಿದ್ರೆ ಅದು ಮರೆಯಲ್ಲ. ಚಮಚ ಕೆಳಗಿಂದ ಬರಲಿ, ಗದ್ದ ಕೆಳಗೇ ಇರಲಿ, ನುಂಗಿದ್ದನ್ನ ಗಂಟಲಲ್ಲಿ ನೋಡಿ ಆಮೇಲೆ ಇನ್ನೊಂದು ಚಮಚ, ಲಕ್ವ ಹೊಡೆದಿರೋ ಕಡೆ ಕೆನ್ನೇಲಿ ಅನ್ನ ಸಿಕ್ಕೊಂಡಿದೆಯಾ ಅಂತ ಟಾರ್ಚ್ ಹಾಕಿ ನೋಡಿ, ಊಟ ಆದ್ಮೇಲೆ ಅರ್ಧ ಗಂಟೆ ಮಲಗಿಸ್ಬೇಡಿ. ಇಷ್ಟೇ ಮೊದಲ ದಿನದ ಪಾಠ.

ನಮ್ಮಲ್ಲಿ ಗಟ್ಟಿಯಾಗಿ ಕೂತಿರೋ ಕೆಲವು ನಂಬಿಕೆಗಳನ್ನೂ ಅಲ್ಲೇ ಮಾತಾಡ್ತೀವಿ. ನೆತ್ತಿಗೆ ಹತ್ತಿದ್ರೆ ಯಾರೋ ನೆನೆಸ್ಕೊಂಡ್ರು ಅಂತ ತಲೆ ಮೇಲೆ ತಟ್ಟಿ ಮೇಲೆ ನೋಡು ಅಂತಾರೆ, ತಕ್ಷಣ ಒಂದು ಲೋಟ ನೀರು ಕುಡಿಸ್ತಾರೆ. ಆರೋಗ್ಯವಾಗಿರೋರಿಗೆ ಇದರಿಂದ ಏನೂ ಆಗಲ್ಲ, ಸ್ಟ್ರೋಕ್ ಪೇಶೆಂಟಿಗೆ ಕೆಮ್ಮೋವಾಗ ಕತ್ತೆತ್ತಿಸಿ ನೀರು ಹುಯ್ದರೆ ಆಗುತ್ತೆ. ಮುಂದಕ್ಕೆ ಬಾಗಿಸಿ, ಕೆಮ್ಮೋಕೆ ಬಿಡಿ, ಬಾಯಲ್ಲಿರೋದನ್ನ ಉಗುಳಿಸಿ. ಇನ್ನೊಂದು, "ಮೂಗಿಗೆ ಪೈಪ್ ಹಾಕಿದಾರಲ್ಲ, ಇನ್ನೇನು ಭಯ ಇಲ್ಲ" ಅನ್ನೋದು. ರೈಲ್ಸ್ ಟ್ಯೂಬ್ ಇದ್ರೂ ಬಾಯಲ್ಲಿ ಜೊಲ್ಲು ಊರುತ್ತೆ, ಹೊಟ್ಟೇಲಿರೋದು ಮೇಲಕ್ಕೆ ಬರುತ್ತೆ, ಅದೂ ಪುಪ್ಪುಸಕ್ಕೆ ಹೋಗುತ್ತೆ, ಹಂಗಾಗಿ ಪೈಪಲ್ಲಿ ಕೊಡೋವಾಗಲೂ ತಲೆ ಕಡೆ ಏರಿಸಿರಬೇಕು. ಡಾಕ್ಟರ್‌ಗಳಲ್ಲೂ ಕೆಲವರು ಗಂಟಲಿಗೆ ಕಡ್ಡಿ ಮುಟ್ಟಿಸಿ ಗ್ಯಾಗ್ (ಓಕರಿಕೆ) ಬಂತು, ಬಾಯಿಂದ ಊಟ ಶುರು ಮಾಡಿ ಅಂತ ಬರೆದುಬಿಡ್ತಾರೆ. ಗ್ಯಾಗ್ ಬೇರೆ ನುಂಗೋದು ಬೇರೆ, ನಾರ್ಮಲ್ ಜನರಲ್ಲೇ ಎಷ್ಟೋ ಮಂದಿಗೆ ಗ್ಯಾಗ್ ಇರಲ್ಲ, ಅವರು ಮೂರು ಹೊತ್ತು ಉಂಡು ಆರಾಮಾಗಿದಾರೆ.

ಬಾಯಿ ತೊಳೆಸೋದಕ್ಕೆ ನಾನು ಊಟದಷ್ಟೇ ಟೈಮ್ ಕೊಡ್ತೀನಿ. ಜಪಾನಿನ 11 ನರ್ಸಿಂಗ್ ಹೋಮ್‌ಗಳಲ್ಲಿ ಯೋನೆಯಾಮ ಅವರ ತಂಡ ಎರಡು ವರ್ಷ ನೋಡಿದ್ರು, ಪ್ರತಿ ಊಟ ಆದ್ಮೇಲೆ ಹಲ್ಲುಜ್ಜಿಸಿದವರಲ್ಲಿ ನ್ಯುಮೋನಿಯಾ 11 ಪರ್ಸೆಂಟ್, ಇಲ್ಲದವರಲ್ಲಿ 19. ಒಂದು ಬ್ರಷ್ಷು, ಸ್ವಲ್ಪ ತಾಳ್ಮೆ. ನಮ್ಮ ವಾರ್ಡಲ್ಲಿ ಪೇಶೆಂಟಿಗೆ ಸ್ಪಂಜ್ ಬಾತ್ ತಪ್ಪಲ್ಲ, ಬಾಯಿ ಮಾತ್ರ ಯಾರ ಲೆಕ್ಕಕ್ಕೂ ಬರ್ತಿರ್ಲಿಲ್ಲ, "ಏನೂ ತಿಂತಿಲ್ವಲ್ಲ ಮೇಡಂ ಯಾಕೆ ಉಜ್ಜಬೇಕು" ಅಂತ ಕೇಳೋರು. ತಿನ್ನದೇ ಇರೋ ಬಾಯಲ್ಲೇ ಕೀಟಾಣು ಜಾಸ್ತಿ ಬೆಳೆಯೋದು, ಒಣಗಿರುತ್ತೆ, ಜೊಲ್ಲು ಓಡಾಡಲ್ಲ. ಆಯಾಗಳು ಇದನ್ನ ಸಿಸ್ಟರ್‌ಗಳಿಗಿಂತ ಬೇಗ ಹಿಡ್ಕೊಂಡ್ರು, ಈಗ ಅವರೇ ಮನೆಯವರಿಗೆ ತೋರಿಸಿಕೊಡ್ತಾರೆ.

ಇನ್ನು ಊಟದ ವಿಷಯ, ಇದರಲ್ಲಿ ನನಗೆ ಹೇಳೋದು ಬೇಕಾದಷ್ಟಿದೆ. ನಮ್ಮ ಟ್ರೇನಿಂಗ್ ಸ್ಲೈಡ್‌ಗಳಲ್ಲಿ ಇವತ್ತಿಗೂ ಆಪಲ್ ಸಾಸು, ಪುಡ್ಡಿಂಗು, ಮ್ಯಾಶ್ಡ್ ಪೊಟ್ಯಾಟೊ. ಮಂಡ್ಯ, ಹಾಸನ, ತುಮಕೂರು ಕಡೆ ಸ್ಟ್ರೋಕ್ ಆಗಿ ಎದ್ದು ಕೂತ ಯಜಮಾನ್ರು ಮೊದಲು ಕೇಳೋದು ಮುದ್ದೆ. "ಮುದ್ದೆ ಇಲ್ದೆ ಅದೇನ್ ಊಟನವ್ವಾ, ಅಗಿಯೋ ಕೆಲ್ಸಾನೂ ಇಲ್ಲ, ಒಂದ್ ತುತ್ತು ಕೊಡ್ಸು" ಅಂತ ಕೇಳಿದವರಿದಾರೆ. ಮನೆಯವರಿಗೂ ಅದೇ ಲೆಕ್ಕ, ಹಲ್ಲಿಲ್ಲ, ಮೆತ್ತಗಿದೆ, ನುಂಗಿದ್ರೆ ಆಯ್ತು. ಆದ್ರೆ ಮುದ್ದೇನ ಅಗಿಯಲ್ಲ ಅನ್ನೋದೇ ಅದರ ಕಷ್ಟ. ಅಷ್ಟು ದೊಡ್ಡ ಅಂಟು ತುತ್ತನ್ನ ನಾಲಿಗೆ ಒಂದೇ ತಳ್ಳಲ್ಲಿ ಹಿಂದಕ್ಕೆ ಕಳಿಸ್ಬೇಕು, ಗಂಟಲಿನ ಗೋಡೆ ಅದನ್ನ ಹಿಂಡಿ ಕೆಳಗಿಳಿಸ್ಬೇಕು, ನಾಲಿಗೆ ಶಕ್ತಿ ಕುಗ್ಗಿದ್ರೆ ಅದು ಮಧ್ಯದಲ್ಲೇ ಅಂಟ್ಕೊಳುತ್ತೆ, ಉಸಿರಿನ ದಾರಿ ಪೂರ್ತಿ ಮುಚ್ಚಬಹುದು. ಮೇಲಿಂದ ಸಾರಲ್ಲಿ ಅದ್ದಿರ್ತೀವಿ, ಅಂದ್ರೆ ನೀರು ಒಂದು ವೇಗ, ಮುದ್ದೆ ಇನ್ನೊಂದು ವೇಗ. ಅಮೆರಿಕಾದ ಯಾವ ಮಾಡ್ಯೂಲಲ್ಲೂ ಅಗಿಯದೇ ನುಂಗೋ ಮುಖ್ಯ ಆಹಾರ ಒಂದಿದೆ ಅನ್ನೋ ಕಲ್ಪನೇನೇ ಇರಲ್ಲ. ಅದನ್ನ ಕಲಿಸ್ಬೇಕಾದೋರು ನಾವೇ.

"ಗಂಜಿ ಕೊಡಿ" ಅಂತ ಡಿಸ್ಚಾರ್ಜ್ ಶೀಟಲ್ಲಿ ಬರೆಯೋದು ನೋಡಿದ್ರೆ ನನಗೆ ಎದೆ ಝಲ್ ಅನ್ನುತ್ತೆ. ನಮ್ಮ ಕಡೆ ಮನೇಲಿ ರಾಗಿ ಹಿಟ್ಟಿನ ಗಂಜಿ ಮಾಡ್ತಾರೆ, ನಯವಾಗಿ ಒಂದೇ ಹದ, ಎಷ್ಟೋ ಪೇಶೆಂಟಿಗೆ ಒಗ್ಗುತ್ತೆ. ಅದೇ ದಕ್ಷಿಣ ಕನ್ನಡದ ಮನೇಲಿ ಕುಚ್ಚಲಕ್ಕಿ ಗಂಜಿ, ದಪ್ಪ ಅಗುಳು ಕೆಳಗೆ, ತಿಳಿ ನೀರು ಮೇಲೆ. ನುಂಗೋ ತೊಂದರೆ ಇರೋರಿಗೆ ಗಟ್ಟಿ ಮತ್ತೆ ತಿಳಿ ಒಟ್ಟಿಗೇ ಬಾಯಲ್ಲಿರೋದೇ ದೊಡ್ಡ ಕಷ್ಟ, ಅಗುಳು ಅಗಿಯೋ ಅಷ್ಟರಲ್ಲಿ ನೀರು ಜಾರಿ ಒಳಗೆ ಹೋಗಿರುತ್ತೆ. ಅನ್ನ ತಿಳಿಸಾರೂ ಹಂಗೇ, ಸಾಂಬಾರಲ್ಲಿ ತೇಲೋ ಇಡ್ಲೀನೂ ಹಂಗೇ. ಸಾಂಬಾರಲ್ಲಿ ಪೂರ್ತಿ ನೆನೆದು ಕಿವುಚಿದ ಇಡ್ಲಿ ಬೇರೆ, ಒಣ ಇಡ್ಲಿ ಬೇರೆ, ಒಣದ್ದು ಪುಡಿಪುಡಿಯಾಗಿ ಗಂಟಲಲ್ಲಿ ಚೆಲ್ಲಾಡುತ್ತೆ. ಚಿತ್ರಾನ್ನ, ಅವಲಕ್ಕಿ ಒಗ್ಗರಣೆ, ಮಂಡಕ್ಕಿ ಅಂತೂ ಹತ್ರನೂ ತರಬೇಡಿ. ಉತ್ತರ ಕರ್ನಾಟಕದವರು ಜೋಳದ ರೊಟ್ಟೀನ ಹಾಲಲ್ಲಿ ಮುರಿದು ನೆನೆಸಿ ಕಿವುಚಿ ಕೊಡೋದನ್ನ ನೋಡಿದೀನಿ, ಚೆನ್ನಾಗಿ ನೆನೆದು ಹಾಲು ಪೂರ್ತಿ ಹೀರ್ಕೊಂಡಿದ್ರೆ ಒಳ್ಳೇ ಹದ ಬರುತ್ತೆ, ಮೇಲೆ ಹಾಲು ನಿಂತಿದ್ರೆ ಮತ್ತೆ ಅದೇ ಸಮಸ್ಯೆ.

ಇದಕ್ಕೆ ಜಗತ್ತಿಗೆಲ್ಲಾ ಒಂದೇ ಅಳತೆ ಅಂತ ಇಡ್ಸಿ ಚೌಕಟ್ಟು ಬಂದಿದೆ, 0ಯಿಂದ 7ರವರೆಗೆ, 0 ಅಂದ್ರೆ ಬರೀ ನೀರು, 7 ಅಂದ್ರೆ ಎಲ್ಲರೂ ತಿನ್ನೋ ಊಟ. ಇದರಲ್ಲಿ ನನಗೆ ತುಂಬಾ ಹಿಡಿಸಿದ್ದು ಸಿರಿಂಜ್ ಟೆಸ್ಟ್. 10 ಎಂಎಲ್ ಸಿರಿಂಜಿನ ಹಿಂದಿನ ಪ್ಲಂಜರ್ ತೆಗೆದು, ಕೆಳಗೆ ಬೆರಳಿಟ್ಟು ತುಂಬಿಸಿ, 10 ಸೆಕೆಂಡ್ ಬಿಡೋದು, ಎಷ್ಟು ಉಳೀತು ನೋಡೋದು. 1ರಿಂದ 4 ಎಂಎಲ್ ಉಳಿದ್ರೆ ಲೆವೆಲ್ 1, 4ರಿಂದ 8 ಆದ್ರೆ 2, 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪ ಸ್ವಲ್ಪ ಹರೀತಿದ್ರೆ 3, ಏನೂ ಹರೀಲೇ ಇಲ್ಲ ಅಂದ್ರೆ 4. ಸಿರಿಂಜ್ ಎಲ್ಲಾ ವಾರ್ಡಲ್ಲೂ ಇದೆ, ಆದ್ರೆ ಒಂದು ಎಚ್ಚರ, 0ಯಿಂದ 10ರ ಗೆರೆವರೆಗೆ 61.5 ಮಿಲಿಮೀಟರ್ ಉದ್ದ ಇರೋ ಸಿರಿಂಜೇ ಬೇಕು, ಕಂಪನಿಯಿಂದ ಕಂಪನಿಗೆ ಉದ್ದ ಬೇರೆ ಇರುತ್ತೆ, ಸ್ಕೇಲ್ ಇಟ್ಟು ಅಳೆದು ನೋಡಿ. ಗಟ್ಟಿ ಊಟಕ್ಕೆ ಫೋರ್ಕ್ ಟೆಸ್ಟ್ ಇದೆ, ನಮ್ಮ ಮನೆಗಳಲ್ಲಿ ಫೋರ್ಕ್ ಎಲ್ಲಿಂದ ತರೋದು, ಬೆರಳಲ್ಲೇ ಒತ್ತಿ ನೋಡೋ ಟೆಸ್ಟನ್ನೂ ಅದೇ ಚೌಕಟ್ಟಲ್ಲಿ ಕೊಟ್ಟಿದಾರೆ, ಕಲಸಿ ತುತ್ತು ಮಾಡಿ ಉಣ್ಣೋ ನಮ್ಮ ಹೆಂಗಸರಿಗೆ ಅದನ್ನ ಹೇಳಿಕೊಡೋದೇ ಬೇಡ, ಎರಡು ಸಲ ತೋರಿಸಿದ್ರೆ ನನಗಿಂತ ಚೆನ್ನಾಗಿ ಹದ ಹೇಳ್ತಾರೆ.

ಸೆಷನ್ನಲ್ಲಿ ನಾವು ರಾಗಿ ಮಾಲ್ಟ್ ಮಾಡಿ ಬಿಸಿ ಇರೋವಾಗ ಒಂದು ಸಲ, ಆರಿದ ಮೇಲೆ ಒಂದು ಸಲ ಸಿರಿಂಜಲ್ಲಿ ಬಿಟ್ಟು ನೋಡ್ತೀವಿ. ಒಂದೇ ಪಾತ್ರೆ, ಆದ್ರೆ ಆರಿದ ಮೇಲೆ ಲೆವೆಲ್ ಬದಲಾಗಿರುತ್ತೆ. ಬೆಳಿಗ್ಗೆ ಫ್ಲಾಸ್ಕಲ್ಲಿ ತಂದ ಮಾಲ್ಟನ್ನ ಮಧ್ಯಾಹ್ನ ಕೊಡ್ತಾರಲ್ಲ, ಅದು ಬೆಳಗಿನದ್ದಲ್ಲ ಅಂತ ಆಗ ಎಲ್ಲರಿಗೂ ಅರ್ಥ ಆಗುತ್ತೆ. ಹಿಟ್ಟಿನಿಂದ ಮಂದ ಮಾಡಿದ್ದು ಜೊಲ್ಲು ತಾಗಿದ್ರೆ ತೆಳುವಾಗುತ್ತೆ, ಬಾಯಿಗಿಟ್ಟ ಚಮಚಾನೇ ಮತ್ತೆ ಲೋಟಕ್ಕೆ ಹಾಕಿ ಹಾಕಿ ಕೊಟ್ರೆ ಕೊನೆ ಕೊನೆಗೆ ನೀರಾಗಿರುತ್ತೆ. ಮೆಡಿಕಲ್ ಶಾಪಲ್ಲಿ ಸಿಗೋ, ನೀರನ್ನ ಮಂದ ಮಾಡೋ ಥಿಕನರ್ ಪುಡಿ ಎಲ್ಲರಿಗೂ ಕೊಳ್ಳೋಕಾಗಲ್ಲ, ಅದಕ್ಕೇ ರಾಗಿಯ ಈ ಸ್ವಭಾವ ಥೆರಪಿಸ್ಟ್‌ಗೆ ಚೆನ್ನಾಗಿ ಗೊತ್ತಿರಬೇಕು.

ಹಾಗಂತ ಎಲ್ಲರಿಗೂ ಮಂದ ಮಾಡಿ ಕೊಡಿ ಅಂತ ಬರೆಯೋದೂ ತಪ್ಪು. ಡಿಮೆನ್ಶಿಯಾ, ಪಾರ್ಕಿನ್ಸನ್ಸ್ ಇರೋ 515 ಜನರ ಮೇಲೆ ಮಾಡಿದ ಒಂದು ದೊಡ್ಡ ಸ್ಟಡಿ 2008ರಲ್ಲಿ ಬಂತು, ಗದ್ದ ಕೆಳಗೆ ಮಾಡಿ ತಿಳಿ ನೀರು ಕುಡಿದವರಿಗೂ ಮಂದ ಮಾಡಿ ಕುಡಿದವರಿಗೂ ಮೂರು ತಿಂಗಳಲ್ಲಿ ನ್ಯುಮೋನಿಯಾ ಬಂದಿದ್ರಲ್ಲಿ ಹೇಳಿಕೊಳ್ಳೋ ವ್ಯತ್ಯಾಸ ಕಾಣಲಿಲ್ಲ, ಮೇಲಾಗಿ ಮಂದ ಕುಡಿದವರಲ್ಲಿ ದೇಹದಲ್ಲಿ ನೀರಿನಂಶ ಕಮ್ಮಿ ಆಗಿದ್ದು ಹೆಚ್ಚು. ಬೇಸಿಗೇಲಿ ನಮ್ಮ ರಾಯಚೂರು ಕಲಬುರಗಿ ಕಡೆ ಒಬ್ಬ ವಯಸ್ಸಾದವರಿಗೆ ತಿಳಿ ನೀರೇ ಬೇಡ ಅಂತ ಬರೆದು ಕಳಿಸಿದ್ರೆ ಅವರು ಎಷ್ಟು ಕುಡೀತಾರೆ ಯೋಚನೆ ಮಾಡಿ. ಮಂದ ಮಾಡೋದು ಒಂದು ಔಷಧಿ ಥರ, ಯಾಕೆ, ಎಷ್ಟು, ಎಲ್ಲೀವರೆಗೆ ಅಂತ ಬರೀಬೇಕು, ಮತ್ತೆ ಕರೆಸಿ ನೋಡ್ಬೇಕು.

ಮಕ್ಕಳ ವಿಷಯ ಇನ್ನೊಂದು ದಿನ ವಿವರವಾಗಿ ಬರೀತೀನಿ. ಇಲ್ಲಿ ಒಂದೇ ಮಾತು, ಅವಧಿಗೆ ಮುಂಚೆ ಹುಟ್ಟಿದ ಮಗು ಚೀಪೋದು ನುಂಗೋದು ಉಸಿರಾಡೋದು ಮೂರನ್ನೂ ಜೋಡಿಸ್ಕೊಳೋಕೆ ಬಸಿರಿನ ಲೆಕ್ಕದಲ್ಲಿ ಹೆಚ್ಚುಕಮ್ಮಿ 34 ವಾರ ಆಗ್ಬೇಕು. ಒಳಲೇಲಿ ಹಾಲು ಹಾಕೋ ನಮ್ಮ ಅಜ್ಜಿಯರಿಗೆ ಕೈ ಚೆನ್ನಾಗಿ ಬಂದಿರುತ್ತೆ, ಅವರನ್ನ ಬದಿಗೆ ತಳ್ಳದೇ ಮಗೂನ ಕಾಲ ಮೇಲೆ ಚಪ್ಪಟೆ ಮಲಗಿಸೋ ಬದಲು ತಲೆ ಎತ್ತರಿಸಿ ಹಿಡ್ಕೊಳಿ, ಹುಯ್ಯಬೇಡಿ, ಅದು ಹೀರ್ಕೊಳ್ಳಲಿ ಅಂತ ಹೇಳಿದ್ರೆ ನವಜಾತ ಶಿಶುಗಳ ಐಸಿಯು, ಅಂದ್ರೆ ಎನ್‌ಐಸಿಯು ಸಿಸ್ಟರ್‌ಗಿಂತ ಚೆನ್ನಾಗಿ ಮಾಡ್ತಾರೆ.

ಮನೆಯವರಿಗೆ ಕಲಿಸೋದರಲ್ಲಿ ದೊಡ್ಡ ತಲೆನೋವು ಯಾವುದು ಅಂದ್ರೆ ಜನ ಬದಲಾಗೋದು. ಬೆಳಿಗ್ಗೆ ಮಗಳಿಗೆ ಎಲ್ಲಾ ಹೇಳಿ ಅವಳ ಕೈಯಲ್ಲೇ ಮಾಡಿಸಿ ಬಂದಿರ್ತೀನಿ, ಸಂಜೆ ಅವಳು ಮಕ್ಕಳಿಗೆ ಅಡುಗೆ ಮಾಡೋಕೆ ಮನೆಗೆ ಹೋಗ್ತಾಳೆ, ಭಾವ ಬರ್ತಾರೆ, ರಾತ್ರಿ ಪಕ್ಕದ ಬೆಡ್ಡಿನೋರು ಎಳನೀರು ಕುಡಿಸಿ ಒಳ್ಳೇದು ಅಂದ್ರೆ ಕುಡಿಸಿಬಿಡ್ತಾರೆ, ಪಾಪ ಪ್ರೀತಿಯಿಂದಾನೇ. ಅದಕ್ಕೇ ಈಗ ನಾನು ಹೇಳೋದನ್ನ ಹೇಳಿ ಮುಗಿಸಲ್ಲ, "ಈಗ ನೀವು ನಿಮ್ಮ ಭಾವನಿಗೆ ಹೇಳ್ಕೊಡಿ, ನಾನು ಇಲ್ಲೇ ನಿಂತಿರ್ತೀನಿ" ಅಂತೀನಿ. ಮಗಳು ಭಾವನಿಗೆ ಹೇಳೋವಾಗ ಅವಳಿಗೆ ಏನು ಅರ್ಥ ಆಗಿದೆ ಏನು ಆಗಿಲ್ಲ ಅನ್ನೋದು ನನಗೆ ಗೊತ್ತಾಗುತ್ತೆ. ಬೆಡ್ ತಲೆ ಹತ್ರ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬೋರ್ಡ್ ಹಾಕ್ತೀವಿ, ನೀರು ಹಾಗೇ ಕೊಡಬೇಡಿ, ಕೂರಿಸಿ ಕೊಡಿ, ಇಷ್ಟು ಮಂದ ಅಂತ, ಓದೋಕೆ ಬರದೋರಿಗೆ ಚಿತ್ರಾನೂ ಇರುತ್ತೆ. ಟ್ರೇನಿಂಗ್ ಸೆಷನ್ನೂ ಶಿಫ್ಟ್ ಬದಲಾಗೋ ಹೊತ್ತಿಗೇ ಇಟ್ಕೊಂಡಿದೀವಿ, ನೈಟ್ ಡ್ಯೂಟಿಯವರಿಗೂ ಸಿಗಲಿ ಅಂತ, ಮಧ್ಯಾಹ್ನ ಮೂರು ಗಂಟೆಗೆ ಇಟ್ರೆ ನೈಟ್ ಸಿಸ್ಟರ್ ಜೀವಮಾನದಲ್ಲಿ ಬರೋಕಾಗಲ್ಲ.

ಒಂದು ಕಷ್ಟದ ವಿಷಯಾನೂ ಟ್ರೇನಿಂಗಲ್ಲಿ ಬರಬೇಕು. ಕೊನೇ ದಿನಗಳಲ್ಲಿರೋ ಪೇಶೆಂಟ್, ನುಂಗೋಕೆ ಆಗ್ತಿಲ್ಲ, ಮಕ್ಕಳು ಬಾಯಿಗೆ ನೀರು ಬಿಡಬೇಕು ಅಂತಾರೆ. ರೂಲ್ ಬುಕ್ ಹಿಡ್ಕೊಂಡು ಬೇಡ ಅನ್ನೋಕೆ ನಮಗೆ ಯಾವ ಹಕ್ಕೂ ಇಲ್ಲ. ಹತ್ತಿ ಒದ್ದೆ ಮಾಡಿ ತುಟಿ ನಾಲಿಗೆಗೆ ಸವರೋದು, ಒಂದೆರಡು ಹನಿ, ತುಳಸಿ ಎಲೆಯಲ್ಲಿ ಅದ್ದಿ ಬಾಯಿ ತೇವ ಮಾಡೋದು, ಇವೆಲ್ಲಾ ಮಾಡಬಹುದು, ಪಕ್ಕದಲ್ಲಿ ನಾವೂ ಇರಬಹುದು. ಹೊಸದಾಗಿ ಬಂದ ಥೆರಪಿಸ್ಟ್‌ಗಳು ಇಲ್ಲಿ ಗಾಬರಿ ಆಗ್ತಾರೆ, ಯಾಕಂದ್ರೆ ಅವರಿಗೆ ಯಾರೂ ಇದನ್ನ ಕಲಿಸಿರಲ್ಲ, ಸೀನಿಯರ್ ಜೊತೆ ಒಂದು ಸಲ ಅಂಥ ಕೋಣೆಗೆ ಹೋಗಿ ಬಂದ್ರೆ ಮಾತ್ರ ಬರೋ ಪಾಠ ಇದು.

ನನ್ನ ಊರಿನ ಹತ್ರ ಇರೋ ನಾಲ್ಕೈದು ಥೆರಪಿಸ್ಟ್‌ಗಳು ಸೇರಿ ಈಗ ವಾರಕ್ಕೊಮ್ಮೆ ರಾತ್ರಿ ಆನ್‌ಲೈನಲ್ಲಿ ಕೂರ್ತೀವಿ. ಪೇಶೆಂಟಿನ ಒಪ್ಪಿಗೆ ತಗೊಂಡು ಹೆಸರು ಮುಖ ಕಾಣದ ಹಾಗೆ ಮಾಡಿದ ವಿಡಿಯೋ ಒಂದನ್ನ ಹಾಕ್ತೀವಿ, ಎಲ್ಲರೂ ಮೊದಲು ಸ್ಕೋರ್ ಬರ್ಕೊಂಡು ಆಮೇಲೆ ಬಾಯಿ ಬಿಡಬೇಕು ಅನ್ನೋದು ನಿಯಮ, ದೊಡ್ಡ ಸೆಂಟರಲ್ಲಿರೋ ಒಬ್ಬರು ಸೀನಿಯರ್ ಬಂದು ಕೂರ್ತಾರೆ. ಪಾಯಿಂಟ್ಸ್ ಇಲ್ಲ, ಸರ್ಟಿಫಿಕೇಟ್ ಇಲ್ಲ. ನಮಗೆ ಈಗ ಬೇಕಾಗಿರೋದು ಮುದ್ದೆ, ಅನ್ನ ಸಾರು, ಕುಚ್ಚಲಕ್ಕಿ ಗಂಜಿ ನುಂಗೋ ವಿಡಿಯೋಗಳು, ಅದೂ ಆರೋಗ್ಯವಾಗಿರೋರದ್ದು ಮೊದಲು, ಯಾಕಂದ್ರೆ ನಾರ್ಮಲ್ ಆಗಿ ಮುದ್ದೆ ಗಂಟಲಲ್ಲಿ ಹೆಂಗೆ ಇಳಿಯುತ್ತೆ ಅಂತ ನೋಡದೇ ಕೆಟ್ಟಿರೋದನ್ನ ಹೆಂಗೆ ಗುರುತಿಸೋದು. ಫೀಸ್ ಟೆಸ್ಟ್ ಇರೋ ಕಡೆ ಕೆಲಸ ಮಾಡೋರು ಯಾರಾದ್ರೂ ಇದನ್ನ ಓದ್ತಿದ್ರೆ, ನಿಮ್ಮ ಇಎನ್‌ಟಿ ಡಾಕ್ಟರ್ ಹತ್ರ ಮಾತಾಡಿ, ಎಥಿಕ್ಸ್ ಪರ್ಮಿಷನ್ ತಗೊಂಡು ಇದನ್ನ ಮಾಡಿ, ನಮ್ಮ ಮಕ್ಕಳು ಮರಿ ಥೆರಪಿಸ್ಟ್‌ಗಳೆಲ್ಲಾ ಅದರಿಂದ ಕಲೀತಾರೆ.

ಮುಂದಿನ ವಾರ್ಡ್ ಸೆಷನ್ ಮಾತ್ರೆಗಳ ಬಗ್ಗೆ. ನುಂಗೋಕೆ ಆಗದೋರಿಗೆ ಎಲ್ಲಾ ಮಾತ್ರೇನೂ ಕುಟ್ಟಿ ಪುಡಿ ಮಾಡಿ ನೀರಲ್ಲಿ ಕಲಸಿ ಕೊಟ್ಟುಬಿಡ್ತಾರೆ, ಹೆಸರಿನ ಮುಂದೆ ಎಸ್‌ಆರ್, ಸಿಆರ್, ಇಆರ್ ಅಂತ ಇರೋದು ನಿಧಾನಕ್ಕೆ ಬಿಡುಗಡೆ ಆಗಬೇಕಾದ ಮಾತ್ರೆ, ಅದನ್ನ ಪುಡಿ ಮಾಡಿದ್ರೆ ಇಡೀ ದಿನದ ಡೋಸ್ ಒಂದೇ ಸಲ ಹೋಗುತ್ತೆ. ಪಾರ್ಕಿನ್ಸನ್ಸ್ ಪೇಶೆಂಟಿಗಂತೂ ಮಾತ್ರೆ ಕೆಲಸ ಮಾಡ್ತಿರೋ ಹೊತ್ತಿಗೇ ಊಟ ಕೊಡಬೇಕು, ಮಾತ್ರೆ ಹಾಳಾದ್ರೆ ಊಟಾನೂ ಹಾಳು. ಇದು ನನಗೊಬ್ಬಳಿಗೆ ಹೇಳೋಕಾಗೋ ವಿಷಯ ಅಲ್ಲ, ನಮ್ಮ ಫಾರ್ಮಸಿಸ್ಟ್ ಬರೋಕೆ ಒಪ್ಪಿದಾರೆ. ನಮ್ಮ ವಾರ್ಡಲ್ಲಿ ಬಳಕೇಲಿರೋ ಮಾತ್ರೆಗಳಲ್ಲಿ ಯಾವುದು ಪುಡಿ ಮಾಡಬಹುದು, ಯಾವುದು ಬಾರದು, ಯಾವುದಕ್ಕೆ ಸಿರಪ್ ಸಿಗುತ್ತೆ ಅಂತ ಕನ್ನಡದಲ್ಲಿ ಒಂದು ಪಟ್ಟಿ ಮಾಡಿ ಡ್ರಗ್ ಟ್ರಾಲಿಗೇ ಅಂಟಿಸೋಣ ಅಂತ ಮಾತಾಡ್ಕೊಂಡಿದೀವಿ.